ಮೂಲೆ ಮುರಿದ ಅಚ್ಚು

ಗೆಳೆಯ ಪುಟ್ಟಸ್ವಾಮಿ,

ಮದ್ದೂರಿನ ನಿನ್ನ ಬೆಲ್ಲದ ಅಂಗಡಿಯ ಕಟ್ಟೆಯ ಮೇಲೆ ನಾನು ಮೊದಲ ಸಲ ಕುಳಿತ ಸಂಜೆ ನೆನಪಿದೆಯೇ? ಮಳವಳ್ಳಿಯ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರದ ಪಾಠ ಮುಗಿಸಿ, ಬಸ್ಸು ಹಿಡಿದು ಬಂದಿದ್ದೆ. ನೀನು ಒಂದು ಅಚ್ಚು ಬೆಲ್ಲ ಎತ್ತಿಕೊಂಡು, ತೂಕದ ಕಲ್ಲಿನಿಂದ ಅದರ ಮೂಲೆಗೆ ಒಂದೇ ಏಟು ಕೊಟ್ಟು, ಮುರಿದ ಚೂರನ್ನು ನನ್ನ ಅಂಗೈಯಲ್ಲಿಟ್ಟೆ. "ತಗಳಯ್ಯ ಮೇಷ್ಟ್ರೇ, ಬಾಯ್ಗಾಕು. ಆಮೇಲೆ ಮಾತಾಡು" ಎಂದೆ. ಮೂಲೆ ಮುರಿಯದ ಅಚ್ಚು ನಿನ್ನ ಹೊಸ್ತಿಲು ದಾಟಿದ್ದನ್ನು ನಾನು ಎಂದೂ ಕಾಣಲಿಲ್ಲ. ಹೊರಗಿನ ಬಣ್ಣವನ್ನು ಹೇಗಾದರೂ ಬರಿಸಬಹುದು, ಒಳಗಿನ ಹರಳನ್ನು ಮಾತ್ರ ಯಾರೂ ಬದಲಿಸಲಾರರು ಎಂಬುದು ನಿನ್ನ ವಾದವಾಗಿತ್ತು.

ನಿನ್ನ ತಿಥಿಯ ದಿನ ಬಂಧುಗಳು ಅಂಗಡಿಯನ್ನು ಯಾರಿಗಾದರೂ ಕೊಟ್ಟುಬಿಡುವ ಮಾತಾಡುತ್ತಿದ್ದಾಗ, ನಿನ್ನ ಮಗಳು ಭವ್ಯ "ನಾನ್ ನಡಿಸ್ತೀನಿ" ಎಂದಳು. ಅಷ್ಟೇ ಹೇಳಿದ್ದು. ನನ್ನ ತರಗತಿಯಲ್ಲೂ ಅವಳು ಹೀಗೆಯೇ, ಕೇಳಿದರೆ ಒಂದು ವಾಕ್ಯ. ಎದುರು ಬಂದು ಕೊಳ್ಳುವವರು ಕಡಿಮೆಯಾಗುತ್ತಾ ಹೋದರು; ಅವಳು ನಿನ್ನ ಬೆಲ್ಲವನ್ನು ಫೋನಿನ ಆ್ಯಪ್ ಒಂದರಲ್ಲಿ ಮಾರಾಟಕ್ಕಿಟ್ಟಳು. ನಾವು ಕೂರುತ್ತಿದ್ದ ಕಟ್ಟೆಯ ತುಂಬ ಈಗ ರಟ್ಟಿನ ಪೆಟ್ಟಿಗೆಗಳು. ನಿನ್ನ ತಕ್ಕಡಿಯ ಸದ್ದಿದ್ದ ಜಾಗದಲ್ಲಿ ಅಂಟುಪಟ್ಟಿ ಎಳೆಯುವ ಸದ್ದು. ಪೆಟ್ಟಿಗೆ ಈ ಗಳಿಗೆಯಲ್ಲಿ ಯಾವ ಊರಿನಲ್ಲಿದೆ ಎಂಬುದನ್ನು ಫೋನು ತೋರಿಸುತ್ತದೆ. ಅದರೊಳಗಿನ ಬೆಲ್ಲ ತಿನ್ನುವವರ ಮುಖವನ್ನು ತೋರಿಸುವುದಿಲ್ಲ. ಇದನ್ನು ಮುನ್ನಡೆ ಎನ್ನಬೇಕೋ, ಅಥವಾ...

ಕಳೆದ ತಿಂಗಳು ಭವ್ಯಳ ಫೋನು ಬಂತು. "ಮಾವ, ಒಂದ್ಸಲ ಬತ್ತೀರಾ? ಯಾಕೋ ತಲೇನೇ ಓಡ್ತಿಲ್ಲ." ಹೋದೆ. ಕೊಂಡವರು ಕಳುಹಿಸಿದ ಚಿತ್ರಗಳನ್ನು ಒಂದೊಂದಾಗಿ ತೋರಿಸಿದಳು. ಎಲ್ಲದರಲ್ಲೂ ಮೂಲೆ ಮುರಿದ ಅಚ್ಚು, ಕೆಳಗೆ "ಒಡೆದ ಸರಕು" ಎಂಬ ದೂರು, ಐದಕ್ಕೆ ಒಂದೇ ನಕ್ಷತ್ರ. ಇಂಥ ದೂರುಗಳು ಹೀಗೆಯೇ ಬಂದರೆ ಅಂಗಡಿಯನ್ನು ಪಟ್ಟಿಯಿಂದ ತೆಗೆದುಹಾಕುವುದಾಗಿ ಆ್ಯಪಿನವರು ಎಚ್ಚರಿಸಿದ್ದರು. ಈಗಿನ ವ್ಯಾಪಾರವೆಲ್ಲ ಅದರಲ್ಲಿಯೇ. ಅದು ಹೋದರೆ ಬಾಗಿಲು ಹಾಕಬೇಕು.

"ಅಪ್ಪಯ್ಯ ಮಾಡ್ದಂಗೇ ಮೂಲೆ ಮುರ್ದು, ಆ ಚೂರ ಕಾಗ್ದದಲ್ಲಿ ಸುತ್ತಿ ಜೊತೇಲೇ ಇಕ್ತಾ ಇವ್ನಿ ಮಾವ. ಅವ್ರಿಗೆ ಅದು ಒಡ್ದೋಗಿರೋ ಮಾಲು. ಮುರಿಯೋದ ಬುಟ್ಬುಡ್ಲಾ?"

ಪೆಟ್ಟಿಗೆ ತುಂಬುತ್ತಿದ್ದ ಜಯಮ್ಮ, ನಿನ್ನ ಕಾಲದಿಂದಲೂ ಇರುವವಳು, ತಲೆಯೆತ್ತದೆ ಅಂದಳು: "ಬುಟ್ರೆ ನಿಮ್ಮಪ್ಪಾರು ಫೋಟೋದಿಂದ ಇಳ್ದು ಬತ್ತಾರೆ. ಬುಡ್ದಿದ್ರೆ ಅಂಗ್ಡಿ ಓಯ್ತದೆ. ಯಾವ್ದಾರ ಒಂದ ಆರಿಸ್ಕೊ ಕಣವ್ವ."

ಭವ್ಯ ನಗಲಿಲ್ಲ. ನನ್ನ ಮುಖ ನೋಡುತ್ತಿದ್ದಳು. ಕೊಳ್ಳುವವನ ನಂಬಿಕೆಯೇ ವ್ಯಾಪಾರದ ನಿಜವಾದ ಬಂಡವಾಳ ಎಂದು ಅವಳಿಗೆ ಪಾಠ ಹೇಳಿದವನು ನಾನು. ಆದರೆ ನಂಬಿಸಲೆಂದು ಮಾಡಿದ ಕೆಲಸವೇ ನಂಬಿಕೆ ಕೆಡಿಸಿದರೆ ಏನು ಮಾಡಬೇಕೆಂಬುದು ನನ್ನ ಪಾಠದಲ್ಲಿ ಇರಲಿಲ್ಲ. ನೀನಾಗಿದ್ದರೆ ಏನೆನ್ನುತ್ತಿದ್ದೆ? ಯೋಚಿಸಿ ಹೇಳುತ್ತೇನೆಂದು ಬಸ್ಸು ಹತ್ತಿದೆ.

ಯೋಚನೆ ಹರಿಯದೆ, ನಾನೇ ನನ್ನ ಫೋನಿನಿಂದ ನಿನ್ನ ಬೆಲ್ಲ ತರಿಸಿದೆ. ಪೆಟ್ಟಿಗೆ ತಂದವನು ನನ್ನ ಹಳೆಯ ವಿದ್ಯಾರ್ಥಿ. ಮೇಲಿನ ಚೀಟಿ ಓದಿ, "ಏನ್ ಸಾ ಇದು, ಮದ್ದೂರ್ ಬೆಲ್ಲ ಬೆಂಗ್ಳೂರ್ ಸುತ್ತಾಕ್ಕಂಡು ಮಳವಳ್ಳಿಗೆ ಬಂದದೆ. ನೀವೇ ಬಸ್ಸತ್ತಿದ್ರೆ ಆಯ್ತಿರ್ನಿಲ್ವಾ?" ಎಂದು ನಕ್ಕು ಹೋದ. ಬಿಚ್ಚಿ ನೋಡಿದರೆ ಒಂದು ಮೂಲೆ ಇಲ್ಲ. ಆಗ ನನಗಾದದ್ದನ್ನು ನಿನ್ನಿಂದ ಏಕೆ ಮುಚ್ಚಿಡಲಿ? ದಾರಿಯಲ್ಲಿ ಯಾರೋ ಬೀಳಿಸಿದ್ದಾರೆ ಎಂದು ಸಿಟ್ಟು ಬಂತು. ನಿನ್ನ ಕೈಯಿಂದ ಅಷ್ಟು ವರ್ಷ ಚೂರು ತಿಂದ ನನಗೆ! ಕಾಗದದ ಪೊಟ್ಟಣ ಕಣ್ಣಿಗೆ ಬಿದ್ದ ಮೇಲೆಯೇ ಗೊತ್ತಾದದ್ದು. ಅಂಗಡಿಯಲ್ಲಿ ಮುರಿಯುವ ಕೈ ಕಾಣುತ್ತಿತ್ತು, ಇಲ್ಲಿ ಮುರಿದದ್ದು ಮಾತ್ರ ಕಾಣುತ್ತದೆ. ವ್ಯತ್ಯಾಸ ಅಷ್ಟೇ ಇರಬಹುದೇ?

ಅಂಗಡಿಗೆ ಹೋಗಿ ಇದನ್ನು ಹೇಳಿದಾಗ ಭವ್ಯ ಅಚ್ಚೊಂದನ್ನು ಎತ್ತಿಕೊಂಡು ಅದರ ಮೂಲೆಯ ಮೇಲೆ ಬೆರಳಾಡಿಸಿದಳು. ಆಮೇಲೆ, "ಅಂಗಾರೆ ಅವ್ರೇ ಮುರೀಲಿ ಬುಡಿ" ಎಂದಳು. ಈಗ ಅಚ್ಚು ಇಡಿಯಾಗಿ ಹೋಗುತ್ತದೆ. ಮೇಲೆ ಅವಳು ಅಂಟಿಸುವ ಚೀಟಿಯಲ್ಲಿ ಇಷ್ಟೇ ಇದೆ: "ಮೊದಲು ಮೂಲೆ ಮುರಿದು ತಿಂದು ನೋಡಿ. ಹಿಡಿಸದಿದ್ದರೆ ಉಳಿದದ್ದನ್ನು ಹಿಂದಕ್ಕೆ ಕಳುಹಿಸಿ, ಹಣ ಮರಳಿಸುತ್ತೇವೆ." ತಿಂದ ತಿನಿಸನ್ನು ಹಿಂದಕ್ಕೆ ಪಡೆಯಬೇಕಾಗಿಲ್ಲ ಎಂದು ಆ್ಯಪಿನ ನಿಯಮವೇ ಹೇಳುತ್ತದೆ. ಆದರೂ ಇವಳು ಪಡೆಯುತ್ತಾಳೆ, ನಷ್ಟ ಇವಳದೇ.

"ಮುರ್ದು ತಿನ್ಕಂಡು ಸುಮ್ಸುಮ್ನೆ ವಾಪಸ್ ಕಳ್ಸುದ್ರೆ?" ಎಂದಳು ಜಯಮ್ಮ.

"ಅಪ್ಪಯ್ಯನ ಕಾಲ್ದಲ್ಲಿ ಚೂರ್ ತಿನ್ಕಂಡು ಎದ್ದೋಗೋರು ಇರ್ನಿಲ್ವಾ?"

"ಇದ್ರು. ಈ ಮೇಷ್ಟ್ರೇ ಇರ್ನಿಲ್ವಾ."

ಮೊನ್ನೆ ಒಂದು ಪೆಟ್ಟಿಗೆ ಹಿಂದಕ್ಕೆ ಬಂತು, ಕಂಡರಿಯದ ಊರಿನಿಂದ. ಮೂಲೆಯಷ್ಟೇ ಮುರಿದಿತ್ತು. ನಾನು ಅಲ್ಲಿಯೇ ಇದ್ದೆ. ಜಯಮ್ಮನ ಮುಖ, ನೋಡಿದೆಯಾ ಎನ್ನುವಂತಿತ್ತು. ಆದರೂ ಒಂದು ಚೂರು ಬಾಯಿಗೆ ಹಾಕಿಕೊಂಡಳು. ನಿಧಾನಕ್ಕೆ ಚಪ್ಪರಿಸಿದಳು. "ಪಾಕ ಒಸಿ ಸೀದೋಗದೆ ಕಣವ್ವ. ಕಳ್ಸಿದ್ದೇ ನ್ಯಾಯ." ಭವ್ಯ ಆ ಪಾಕದ ಅಚ್ಚುಗಳನ್ನೆಲ್ಲ ಪಕ್ಕಕ್ಕೆ ತೆಗೆದಿಟ್ಟು, ಆಲೆಮನೆಗೆ ಫೋನು ಮಾಡಿದಳು. ಥೇಟು ನಿನ್ನದೇ ದನಿ, ನಿನ್ನದೇ ಬೈಗುಳ. ಮುಖ ಕಾಣದ ಆ ಮನುಷ್ಯ ನಮ್ಮ ಕಟ್ಟೆಯ ಮೇಲೆ ಕುಳಿತು, ತಿಂದು, ತಲೆಯಾಡಿಸಿ ಎದ್ದುಹೋದಂತೆ ನನಗನ್ನಿಸಿತು. ಇದು ಮುದುಕನ ಕಲ್ಪನೆಯೋ ಏನೋ...

ನೀನು ಕೇಳದ ಸುದ್ದಿ ಇದು, ಪುಟ್ಟಸ್ವಾಮಿ: ಒಡೆದ ಸರಕೆಂಬ ದೂರು ಈಗ ಬರುತ್ತಿಲ್ಲ, ಎಚ್ಚರಿಕೆಯನ್ನು ಆ್ಯಪಿನವರು ಹಿಂತೆಗೆದುಕೊಂಡಿದ್ದಾರೆ. ಮುಂದೆ ಏನಾಗುವುದೋ ತಿಳಿಯದು. ಆದರೆ ನಿನ್ನ ಬಾಗಿಲು ತೆರೆದಿದೆ. ನಾಳೆ ನನಗೊಂದು ಪೆಟ್ಟಿಗೆ ಬರಲಿದೆ, ಹೊಸ ಪಾಕದ್ದು. ಒರಳುಗುಂಡು ತೆಗೆದಿಟ್ಟುಕೊಂಡಿದ್ದೇನೆ. ಇಷ್ಟು ವರ್ಷವೂ ನೀನೇ ಮುರಿದು ಕೊಟ್ಟೆ. ಎಲ್ಲಿಗೆ ಏಟು ಕೊಟ್ಟರೆ ಮೂಲೆ ಮಾತ್ರ ಬರುತ್ತದೆಂದು ನಾನು ಕೇಳಿಯೇ ಇರಲಿಲ್ಲ.

ನಿನ್ನ ಮೇಷ್ಟ್ರು