ಕುಸುರಿ ಅಂದ್ರ ಔಷಧ

ಕಲಬುರಗಿ
೧೪ ಫೆಬ್ರವರಿ ೧೯೫೪

ಮಗಳು ಭೀಮಬಾಯಿಗೆ ನಿನ್ನ ಅಪ್ಪ ಮಾಪಣ್ಣ ಮಾಡುವ ಆಶೀರ್ವಾದ.

ನಾವಿಲ್ಲಿ ಆರಾಮ ಅದೀವಿ. ನಿನ್ನ ಪತ್ರ ಬಂದು ಇಪ್ಪತ್ತು ದಿನ ಆತು, ಉತ್ತರ ಬರಲಿಲ್ಲಂತ ಸಿಟ್ಟಾಗಬ್ಯಾಡ. ಎರಡು ಸರ್ತಿ ಬರಿಯಾಕ ಕುಂತು ಹರಿದು ಒಗದೆ. ನಿಮ್ಮವ್ವ ಕಮಲಾಪುರಕ್ಕ ಹೋಗ್ಯಾಳ. ಬರುವಾಗ ಕೆಂಪು ಬಾಳಿಹಣ್ಣು ತರ್ತಾಳ, ಹೈದರಾಬಾದಿಗೆ ಹೋಗೋರ ಕೈಯಾಗ ಕಳಿಸ್ತೀನಿ.

ನರ್ಸಿಂಗ್ ಸಾಲಿಯಾಗ ಔಷಧದ ಹೆಸರು ತಲಿಯಾಗ ನಿಲ್ಲವಲ್ವು, ಬಿಟ್ಟು ಬರ್ಲೇನು ಅಂತ ಕೇಳೀದಿ. ಬ್ಯಾಡವ್ವ. ನಿಮ್ಮಪ್ಪಗೂ ಹಿಂಗೇ ಆಗಿತ್ತು.

ಪಲ್ಟನ್ನಿನ ದವಾಖಾನ್ಯಾಗ ಆಳಾಗಿ ಹೋದ ನಾ ಸಿಂಗಾಪುರದಾಗ ಜಪಾನ್ಯಾರ ಕೈಗೆ ಸಿಕ್ಕು ಮೂರೂವರಿ ವರ್ಷ ಕೈದಿ ಆಗಿದ್ದೆ. ನಿನ್ನ ಶಬ್ಬೀರ ಕಾಕಾ ಅದೇ ದವಾಖಾನಿಯ ಕಂಪೌಂಡರ. ನಮ್ಮಿಬ್ಬರನ್ನೂ ಗೋದಾಮಿಗೆ ಹಚ್ಚಿದ್ರು. ಅಲ್ಲಿ ಪೆಟ್ಟಿಗಿ, ಚೀಲ ಎಲ್ಲಾದರ ಮ್ಯಾಲೂ ಅವರ ಅಕ್ಷರ. ನಮ್ಮ ಅ ಆ ಇದ್ದಂಗಲ್ಲ, ಒಂದೊಂದು ಅಕ್ಷರ ಪೂರಾ ಒಂದೊಂದು ಮಾತು. ಕಡ್ಡಿ ಮುರಿದು ಚೆಲ್ಲಿದಂಗ ಕಾಣ್ತಿತ್ತು. ಹ್ಯಾಂಗ ಓದಬೇಕಂತ ಅದನ್ನ ನೋಡಿ ತಿಳಿಯಂಗಿಲ್ಲ. ಜಪಾನಿ ಹವಾಲ್ದಾರ ಕೋಲಿಲೆ ತೋರಿಸಿ ಒಂದೇ ಸಲ ಹೆಸರು ಒದರಾಂವ. ಮರುದಿನ ಆ ಹೆಸರು ಕೂಗಿದ್ರ ಅದೇ ಪೆಟ್ಟಿಗಿ ತರಬೇಕು. ತಪ್ಪಿದ್ರ ಕಪಾಳಕ್ಕ.

ಒಂದು ವಾರ ಬರೇ ಹೊಡತ ತಿಂದೆ. ಆಗ ಶಬ್ಬೀರ ಅಂದ, "ಮಾಪಣ್ಣಾ, ಬಾಯಿಪಾಠ ಮಾಡಬ್ಯಾಡೋ. ಅವರ ಮಾತಿಗೆ ನಮ್ಮ ಮಾತಿನಾಗ ಒಬ್ಬ ಬೀಗನ್ನ ಹುಡುಕು."

ಗುಡ್ಡಕ್ಕ ಅವರು ಯಮಾ ಅಂತಾರ, ಮೂರು ಕೋಡಿನ ಅಕ್ಷರ. "ಗುಡ್ಡ ಹತ್ತಿದ್ರ ಯಮ ಕಾಣ್ತಾನ, ಮುಗೀತು," ಅಂದ. ನೀರಿಗೆ ಮಿಝು. "ಗಟಗಟ ಕುಡುದ್ರ ಮೀಸಿ ತೋಯ್ತದ." ಇನ್ನ ಅಪ್ಪಗ ಚಿಚಿ, ಅವ್ವಗ ಹಹಾ. ಅದಕ್ಕೇನು ಹುಡುಕೋದು! "ಛೀ ಛೀ ಅಂತ ಬೈಯಾಂವ ಅಪ್ಪ, ಹಹ್ಹಾ ಅಂತ ನಗಾಕಿ ಅವ್ವ," ಅಂದ. ಇಬ್ಬರೂ ಚೀಲದ ಮ್ಯಾಲ ಬಿದ್ದು ನಕ್ವಿ. ಆ ಹಸಿವಿನಾಗೂ ನಕ್ವಿ ನೋಡು. ಈಗ ನೆನಸಿದ್ರ ಆ ಗೋದಾಮಿನ ಒಣಮೀನಿನ ವಾಸನಿ ಸೈತ ಮೂಗಿಗೆ ಬರ್ತದ, ಅದೂ ಛಲೋ ಅನಸ್ತದ.

ಔಷಧಕ್ಕ ಕುಸುರಿ. ಅಕ್ಷರದ ತಲಿ ಮ್ಯಾಲ ಹುಲ್ಲು, ಕಾಲ ಕೆಳಗ ಗಿಡ, ನಡುವ ಏನೇನೋ ಗೀಟು. ಇದಕ್ಕ ಬೀಗನ್ನ ಹುಡುಕಿದಾಂವ ನಾನೇ. ಸಂಕ್ರಾಂತಿಯ ಕುಸುರೆಳ್ಳು! ಸಣ್ಣ ಬಿಳಿ ಕಾಳು, ಥೇಟ ಗುಳಿಗಿ. ಶಬ್ಬೀರ ನನ್ನ ಬೆನ್ನು ತಟ್ಟಿದ, "ಕಂಪೌಂಡರ ನೀನೇ ಆಗಬೇಕಿತ್ತೋ."

ಎರಡನೇ ವರ್ಷ ಮಲೇರಿಯಾ ಬಂದು ನನಗ ಮಾತು ನಿಂತಿತು. ಗೋದಾಮಿನಾಗ ಹೊಸಾ ಪೆಟ್ಟಿಗಿ ನೂರಾರು ಒಟ್ಟಿದ್ರು. ಶಬ್ಬೀರ ಅದರಾಗ ಕುಸುರಿ ಗುರ್ತು ಹಿಡಿದು ಒಡದು, ಕ್ವಿನೈನ್ ಗುಳಿಗಿ ದವಡ್ಯಾಗ ಇಟಗೊಂಡು ಬರಾಂವ. ಎಷ್ಟು ಕಹಿ ಇರ್ತದ ನಿನಗ ಗೊತ್ತದ. ನಾಕನೇ ದಿನ ಸಿಕ್ಕಬಿದ್ದ. ಬಲಗೈಯ ಎರಡು ಬೆರಳು ಮುರದ್ರು. ನಾ ಅತ್ತರ, "ಮೂರು ಉಳದಾವಲ್ಲೋ, ತುತ್ತು ಹಿಡಿಯಾಕ ಸಾಕು," ಅಂದ.

ಅದಕ್ಕ ಹೇಳ್ತೀನಿ ಮಗಳ, ಒಂದೊಂದು ಬಾಟ್ಲಿಗೂ ನಮ್ಮ ಮನಿ ಮಾತು ಹುಡುಕು. ಜೋಡಿ ಹುಡುಗ್ಯಾರು ನಕ್ಕರ ನಗಲಿ. ಹೊತ್ತಿಗೆ ಸರಿಯಾಗಿ ಉಣ್ಣು. ನಮ್ಮ ಓಣ್ಯಾಗ ಮೊದಲು ನರ್ಸ್ ಆದಾಕಿ ನೀನೇ ಆಗು, ನಿನ್ನ ಕೈ ಮುಟ್ಟಿದೋರು ಎದ್ದು ಕೂಡಲಿ.

ನಿನ್ನ ಅಪ್ಪ,
ಮಾಪಣ್ಣ

ತಾ.ಕ. — ನಿನ್ನ ಪತ್ರದಾಗ ನೀ, "ಆಯಿತವಾರಕ್ಕೊಮ್ಮೆ ಶಬ್ಬೀರ ಕಾಕಾನ್ನ ಹುಡುಕಾಕತ್ತೀನಿ, ಹೈದರಾಬಾದಿನಾಗ ಎಲ್ಲೂ ಪತ್ತೆ ಇಲ್ಲ," ಅಂತ ಬರದೀದಿ. ನಾ ಪತ್ರ ಹರಿದು ಒಗದದ್ದು ಅದಕ್ಕ. ನಿಜಾಮನ ಮ್ಯಾಲ ಪೊಲೀಸ್ ಆ್ಯಕ್ಷನ್ ಆದ ವಾರ ನಾವು ಕಮಲಾಪುರದಾಗ ಇದ್ದಾಗ, ನಡು ಮಧ್ಯಾಹ್ನ ಅವ ನಮ್ಮ ಬಾಗಿಲಿಗೆ ಬಂದ. ಮುಸಲ್ಮಾನರಿಗೆ ಆಸರ ಕೊಟ್ಟ ಮನಿ ಸುಡ್ತೀವಂತ ಊರಾಗ ಮಂದಿ ತಿರಗಾಕತ್ತಿತ್ತು. ಆಗ ನಿನಗ ಹನ್ನೊಂದು ವರ್ಷ. "ಅಪ್ಪ ಮನ್ಯಾಗಿಲ್ಲ ಅನ್ನು," ಅಂತ ಒಳಗಿಂದ ನಾ ಪಿಸುಗುಟ್ಟಿದೆ, ನೀ ಹಂಗೇ ಅಂದಿ. ನನ್ನ ಕೆರ ಬಾಗಿಲಾಗೇ ಬಿದ್ದಿದ್ವು. ಅವ ನೋಡ್ದ. "ಇರಲಿ ಬಿಡವ್ವ," ಅಂದು ನಿನ್ನ ತಲಿ ಮ್ಯಾಲ ಕೈ ಇಟ್ಟು ಹುಮನಾಬಾದ ರಸ್ತಾ ಹಿಡಿದ. ನೀ ಎರಡು ದಿನ ಉಣಲಿಲ್ಲ. ಅದಕ್ಕ, ಅವನ ಹಿಂದ ಹೋಗಿ ಹೈದರಾಬಾದ ಮೋಟಾರ ಹತ್ತಿಸಿ ಬಂದೀನಿ ಅಂದೆ. ಸುಳ್ಳವ್ವ. ನಾ ಹೋದದ್ದು ಸಂಜಿಗೆ. ರಸ್ತಾದ ಮ್ಯಾಲ ಯಾರೂ ಇರಲಿಲ್ಲ. ಅವನ ತಂಗಿ ಫರೀದಾಗೂ ಅದೇ ಸುಳ್ಳು ಹೇಳೀನಿ. ಐದು ವರ್ಷ ಆತು, ಆಕಿ ಇನ್ನೂ ಟಪಾಲಿನವನ ದಾರಿ ಕಾಯ್ತಾಳ. ಅಪ್ಪ ಮನ್ಯಾಗಿಲ್ಲ ಅಂದ ಬಾಯಿ ನಿನ್ನದಿರಬಹುದು, ಮಾತು ನನ್ನದು. ನೀ ಹುಡುಕೋದು ಬಿಡು. ಈ ಪತ್ರ ಡಬ್ಬಿಗೆ ಹಾಕಿ ಸೀದಾ ಫರೀದಾನ ಮನಿಗೆ ಹೊಂಟೀನಿ.