ಅಧಿಕಾರಿಗಳ ಊಟಕ್ಕೆ ಇನ್ನು ನನ್ನ ರೊಟ್ಟಿ ಇಲ್ಲ

'...ಕೈಗೊಂದು ಯಂತ್ರ ಕೊಟ್ಟರೆ ಯಾರೂ ಮತ್ತೆ ಗಡಿ ದಾಟುವುದಿಲ್ಲ' ಎಂದೋ ಏನೋ ಚೌಕದಲ್ಲಿ ನಿಂತು ಹೇಳಿದ್ದಿರಿ, ಮರಳಿ ಬಂದವರ ಕಲ್ಯಾಣಾಧಿಕಾರಿಗಳೇ. ಮಾತು ಪೂರ್ತಿ ನೆನಪಿಲ್ಲ, ಚಪ್ಪಾಳೆ ನೆನಪಿದೆ. ನನ್ನ ತಮ್ಮ ಫಿಡೆನ್ಸಿಯೊ ಕಳೆದ ವಾರ ಮತ್ತೆ ಉತ್ತರಕ್ಕೆ ಹೊರಟುಹೋದ. ಅವನನ್ನು ಓಡಿಸಿದವರು ನೀವು.

ಟೆಕ್ಸಾಸ್‌ನಲ್ಲಿ ಅವನು ಮನೆಗಳಿಗೆ ಚಾವಣಿ ಹೊದಿಸುತ್ತಿದ್ದ. ಗಡಿಯ ಈಚೆ, ಸಕಾತೇಕಸ್‌ನ ನಮ್ಮ ಊರಿಗೆ ಮರಳಿ, ಅದೇ ಕೆಲಸಕ್ಕೆ ಏಣಿ, ಸಲಕರಣೆ ಕೇಳಿದ. ನೀವು ಟೋರ್ಟಿಯಾ ರೊಟ್ಟಿಯ ಯಂತ್ರ ಕೊಟ್ಟಿರಿ. ಮರಳಿದ ಎಲ್ಲರಿಗೂ ಅದೇ ಯಂತ್ರ. ಗಂಡಸರು ಮನೆಗೆ ಬಂದರೆ ಉತ್ತರದ ಹಣ ನಿಲ್ಲುತ್ತದೆ. ತಿನ್ನುವ ಬಾಯಿ ಹೆಚ್ಚಿ ಕೊಳ್ಳುವ ಕೈ ಕಡಿಮೆಯಾಗುತ್ತದೆ. ಇಷ್ಟು ಅರ್ಥಶಾಸ್ತ್ರ ತಿಳಿಯಲು ಪದವಿ ಬೇಕೇ? ಒಂದೇ ಬೀದಿಯಲ್ಲಿ ಎಲ್ಲರೂ ರೊಟ್ಟಿ ಸುಟ್ಟು ಯಾರಿಗೆ ಮಾರಬೇಕಿತ್ತು?

ಆ ಬೀದಿಯಲ್ಲಿ ನಮ್ಮ ತಾಯಿಯ ಕಾಲದಿಂದ ಇರುವ ರೊಟ್ಟಿ ಅಂಗಡಿ ನನ್ನದು. ತಮ್ಮನ ಯಂತ್ರ ನನ್ನ ಎದುರಿಗೇ ಬಂದು ಕೂತಿತು.

"ಯಂತ್ರದ ಒಲೆ ಹಚ್ಚೋ, ದಡ್ಡ. ನಂಗೂ ಬೆಳಗ್ಗೆ ಸ್ವಲ್ಪ ನಿದ್ದೆ ಸಿಗತ್ತೆ" ಅಂದೆ.

"ಅಕ್ಕನ ಎದುರು ನಾನು ಒಲೆ ಹಚ್ಚೋದಾ? ಅಮ್ಮ ಗೋರಿಯಿಂದ ಎದ್ದು ಬಂದು ಬಾರಿಸ್ತಾಳೆ."

ಅವನು ಹಚ್ಚಲೇ ಇಲ್ಲ. ನಿಮ್ಮ ತನಿಖಾಧಿಕಾರಿ ಬಂದು ತಣ್ಣಗಿದ್ದ ಯಂತ್ರದ ಫೋಟೊ ತೆಗೆದುಕೊಂಡರು.

"ಏನಪ್ಪಾ, ಅಲ್ಲಿ ದುಡಿದೋನಿಗೆ ಇಲ್ಲಿ ಮೈ ಬಗ್ಗಲ್ವಾ?"

"ಒಂದು ಚಾವಣಿ ತೋರಿಸಿ ಸಾಹೇಬ್ರೆ, ಬಗ್ಗಿಸ್ತೀನಿ."

ಸೋಮಾರಿ ಎಂಬ ಷರಾ ಬಿತ್ತು; ಯಂತ್ರ ನಿಮ್ಮ ಕಚೇರಿಯ ಅಂಗಳ ಸೇರಿತು. ಒಲೆ ಹಚ್ಚಿದ ಉಳಿದವರು ಮಾರದ ರೊಟ್ಟಿಯನ್ನು ಹಂದಿಗಳಿಗೆ ಹಾಕಿ ಬಾಗಿಲು ಮುಚ್ಚಿದರು. ಚೌಕದ ಕಡೆಗಿರುವ ನಿಮ್ಮ ಕಚೇರಿ ಗೋಡೆಯ ಮೇಲೆ ಮಾತ್ರ, ಯಂತ್ರ ಕೊಟ್ಟ ದಿನದ ಚಿತ್ರದಲ್ಲಿ, ಅದರ ಪಕ್ಕ ನಿಂತು ನನ್ನ ತಮ್ಮ ಇನ್ನೂ ನಗುತ್ತಿದ್ದಾನೆ. ಅಡಿಬರಹ: 'ಮರಳಿದ, ನೆಲೆಸಿದ.'

ನಿಮ್ಮ ಯೋಜನೆಯ ಕೃಪೆಯಿಂದ ಊರಿನಲ್ಲಿ ಉರಿಯುತ್ತಿರುವ ರೊಟ್ಟಿ ಒಲೆ ಈಗ ನನ್ನದೊಂದೇ. ನಿಮ್ಮ ಕಚೇರಿಯ ಮಧ್ಯಾಹ್ನದ ಊಟವೂ ಅದರಿಂದಲೇ. ಆ ಚಿತ್ರವನ್ನು ನೀವೇ ಏಣಿ ಹತ್ತಿ, ಚೌಕದ ಜನರೆದುರು ಇಳಿಸಬೇಕು. ಅಲ್ಲಿಯವರೆಗೆ ನಿಮ್ಮ ಜವಾನನಿಗೂ ನನ್ನಲ್ಲಿ ಒಂದು ರೊಟ್ಟಿ ಸಿಗದು. ಹಸಿವಾದರೆ ಅಂಗಳದಲ್ಲಿ ಯಂತ್ರವಿದೆ. ಮೆಕ್ಕೆಜೋಳವನ್ನು ಹಿಂದಿನ ರಾತ್ರಿಯೇ ಸುಣ್ಣದ ನೀರಿನಲ್ಲಿ ಬೇಯಿಸಿಡಿ, ಮೈ ಬಗ್ಗಿಸಿ.

ಇಂತಿ,
ಬೀದಿಯಲ್ಲಿ ಮತ್ತೆ ಒಬ್ಬಳೇ ಉಳಿದ ವ್ಯಾಪಾರಿ,
ಎರ್ಲಿಂದಾ

ಈ ಪತ್ರಿಕೆಯನ್ನು ಗಡಿ ನದಿಯ ಆಚೆ ದಡದಲ್ಲೂ ಓದುತ್ತಾರಂತೆ. ಫಿಡೆನ್ಸಿಯೊ, ನದಿ ದಾಟಿದೆಯೇನೋ?