ತಗಡಿನ ಕೋಣೆಯ ತಂಪು

ಬಿಟಿಎಂ ಬಡಾವಣೆ, ಬೆಂಗಳೂರು
೩ ಸೆಪ್ಟೆಂಬರ್ ೨೦೨೫, ಬುಧವಾರ

ಪ್ರೀತಿಯ ಜಯಾ,

ನೀನೂ ನಿಮ್ಮವ್ವನೂ ಹೇಗಿದ್ದೀರಿ ಎಂದು ಕೇಳುವ ಮೋರೆ ನನಗಿಲ್ಲ. ಆದರೂ ಕೇಳುತ್ತಿದ್ದೇನೆ. ನಮ್ಮ ಮೇಘಾಳನ್ನು ಕರೆದುಕೊಂಡು ನೀನು ಇಳಕಲ್ಲಿನ ತವರಿಗೆ ಹೋಗಿ ಹತ್ತೊಂಬತ್ತು ದಿನವಾಯಿತು. ಇಷ್ಟು ತಡಮಾಡಿ ಬರೆಯುತ್ತಿರುವುದಕ್ಕೆ ಕ್ಷಮಿಸು. ನಿನ್ನ ಫೋನು ನಿಮ್ಮಣ್ಣ ಬಸವಂತನ ಕೈಯಲ್ಲಿದೆ. ನನ್ನ ಹೆಸರು ಕಂಡರೆ ಕಟ್ ಮಾಡುತ್ತಾನೆ.

ಕೂಸಿಗೆ ಆಕ್ಸಿಜನ್ ಹಚ್ಚಿದ್ದಾರೆಂದು ಕೇಳಿ ಭಾನುವಾರ ಇಳಕಲ್ಲಿನ ದವಾಖಾನೆಯ ಬಾಗಿಲವರೆಗೂ ಬಂದಿದ್ದೆ. ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಬಸವಂತ ಎದೆಗೆ ಕೈಯಿಟ್ಟು ತಡೆದ. "ಮನ್ಯಾಗ ಏನಿತ್ತು ಅಂತ ಡಾಕ್ಟರ್ ಕೇಳಿದ್ರ, ಜಯಾ, ನನ್ನ ಅರಿವ್ಯಾಗಿನ ಗಾರ್ಮೆಂಟ್ಸ್ ಧೂಳ್ರೀ, ನಂದ ತಪ್ಪು ಅಂತ ಅಳಾಕತ್ಯಾಳ. ಇನ್ನೂ ಏನ್ ಮಾಡಾಕ ಬಂದಿ ನೀ? ಹೋಗು" ಎಂದ.

ಅದು ನಿನ್ನ ಧೂಳಲ್ಲ ಜಯಾ. ಅದನ್ನು ಹೇಳಲಿಕ್ಕೇ ಈ ಕಾಗದ. ಪಕ್ಕದ ಕೋಣೆಯ ಕರಿಬಸವಯ್ಯನವರು ಇಂದು ಸಂಜೆ ಇಳಕಲ್ಲಿನ ಬಸ್ಸು ಹತ್ತುತ್ತಾರೆ. ನಿನ್ನ ಕೈಗೇ ಕೊಡುತ್ತೇನೆಂದು ಮಾತು ಕೊಟ್ಟಿದ್ದಾರೆ. ಸಿಕ್ಕ ತಕ್ಷಣ ಈ ಹಾಳೆಯನ್ನು ಡಾಕ್ಟರ ಮುಂದಿಡು.

ಇವತ್ತು ಬೆಳಿಗ್ಗೆ ಮೇಘಾಳ ಹಳೆಯ ಎಕ್ಸ್‌ರೇ, ಚೀಟಿಗಳನ್ನೆಲ್ಲ ಹಿಡಿದು ಜಯನಗರಕ್ಕೆ ಹೋಗಿದ್ದೆ. ಅಲ್ಲಿ ಲತಾಮಣಿ ಎಂದು ಮಕ್ಕಳ ಶ್ವಾಸಕೋಶ ನೋಡುವ ಡಾಕ್ಟರಿದ್ದಾರೆ. "ನೀವೇನ್ ಕೆಲಸ ಮಾಡ್ತೀರಾ?" ಎಂದು ಕೇಳಿದರು. ಎಸಿ ಮೆಕ್ಯಾನಿಕ್ ಎಂದೆ. "ನಿಮ್ಮನೇಲೂ ಎಸಿ ಇದ್ಯಾ?" ಇದೆ ಎಂದೆ. "ಕಿಟಕಿ ಎಷ್ಟಿದೆ?" ಒಂದೇ, ಅದನ್ನೂ ಮುಚ್ಚಿದ್ದೇನೆ ಎಂದೆ.

ಏಪ್ರಿಲ್‌ನಲ್ಲಿ ಮೇಘಾಳ ಬೆನ್ನ ತುಂಬ ಬೆವರುಸಾಲೆ ಎದ್ದಿತ್ತಲ್ಲ. ಮೂರನೇ ಮಹಡಿಯ ಮೇಲಿನ ನಮ್ಮ ತಗಡಿನ ಕೋಣೆ ರೊಟ್ಟಿಯ ಹಂಚಿನ ಹಾಗೆ ಕಾಯುತ್ತಿತ್ತು. ಗಿರಾಕಿಯೊಬ್ಬರು ಬಿಸಾಡಲಿಟ್ಟಿದ್ದ ಹಳೆಯ ಎಸಿಯನ್ನು ಹೊತ್ತು ತಂದು ಹಾಕಿದೆ. ತಂಪು ಸೋರಬಾರದೆಂದು ಇದ್ದೊಂದು ಕಿಟಕಿಗೂ ಥರ್ಮಾಕೋಲ್ ಬಡಿದೆ. ಎಸಿಯಿಂದ ಇಳಿಯುವ ನೀರಿನ ಪೈಪನ್ನು ಇಳಿಜಾರಾಗಿ ಹೊರಗೆ ಬಿಡಬೇಕಿತ್ತು. ಮಾಲೀಕ ಸೋಮನಾಥ್, "ಗೋಡೆ ಮೇಲೆ ನೀರ್ ಸುರಿದ್ರೆ ಪೇಂಟ್ ಹೋಗುತ್ತೆ ಕಣಯ್ಯಾ, ಬೇಡ" ಎಂದದ್ದಕ್ಕೆ ಪೈಪನ್ನು ಮೇಲಕ್ಕೆ ಬಗ್ಗಿಸಿ ಒಳಗೇ ಬಕೆಟ್ಟಿಗೆ ಇಳಿಸಿದೆ. ಇಳಿಜಾರಿಲ್ಲದಿದ್ದರೆ ಎಸಿಯೊಳಗಿನ ತಟ್ಟೆಯಲ್ಲಿ ನೀರು ನಿಂತೇ ಇರುತ್ತದೆಂದು ನನಗೆ ಗೊತ್ತಿತ್ತು. ಮೇಘಾ ಮಾತ್ರ ಅದರ ಕೆಳಗೆ ಕೂದಲು ಹಾರಿಸಿಕೊಂಡು, "ಅಪ್ಪಾ, ಥಂಡಿ ಗಾಳಿ ಪೂರಾ ನಂದ!" ಎಂದು ಕುಣಿದಳು.

ಎಸಿ ಹೊರಗಿನ ಗಾಳಿಯನ್ನು ತರುವುದಿಲ್ಲ. ಕೋಣೆಯಲ್ಲಿದ್ದುದನ್ನೇ ಮತ್ತೆ ಮತ್ತೆ ತಿರುಗಿಸುತ್ತದೆ. "ದಿನಾ ಸ್ವಲ್ಪ ಹೊತ್ತು ಕಿಟಕಿ ತೆಗೀರಿ ಮೇಡಂ, ಫಿಲ್ಟರ್ ತೊಳೀರಿ" ಎಂದು ಊರವರಿಗೆಲ್ಲ ಹೇಳುವವನು ನಾನೇ. ನಮ್ಮಲ್ಲಿ ಒಗ್ಗರಣೆಯ ಹೊಗೆ, ಸೊಳ್ಳೆಬತ್ತಿಯ ಹೊಗೆ, ಮಳೆಗಾಲದಲ್ಲಿ ಒಳಗೇ ಹರವಿದ ಬಟ್ಟೆಯ ತೇವ, ಯಾವುದಕ್ಕೂ ಹೊರಗೆ ಹೋಗಲು ದಾರಿಯಿರಲಿಲ್ಲ. ಜೂನ್‌ನಲ್ಲಿ ಕೂಸಿಗೆ ಕೆಮ್ಮು ಶುರುವಾಯಿತು.

ನಾನು ನಿನ್ನ ಮೇಲೆ ಹರಿಹಾಯ್ದೆ. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಿಂದ ಧೂಳು ಹೊತ್ತು ತರುತ್ತೀಯ ಎಂದೆ. ಏಳು ವರ್ಷ ಮಾಡಿದ ಕೆಲಸವನ್ನು ನೀನು ಬಿಟ್ಟೆ. ಕೆಮ್ಮು ಬಿಡಲಿಲ್ಲ. "ಹಂಗಾದ್ರ ನಿನ್ನ ಮೈಯಾಗ ಏನೋ ಐತಿ" ಎಂದೆ. ಮರುದಿನವೇ ನೀನು ಚೀಲ ಕಟ್ಟಿದೆ.

ಲತಾಮಣಿಯವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ತೇವ ಇರೋ ಎಸೀಲಿ ಬೂಷ್ಟು ಬೆಳೆಯುತ್ತೆ. ಅದರ ಕಣ ಉಸಿರಲ್ಲಿ ಹೋಗಿ ಕೆಲವು ಮಕ್ಕಳಿಗೆ ಶ್ವಾಸಕೋಶನೇ ಊದಿಕೊಳ್ಳುತ್ತೆ. ಮಗೂನ ನೋಡದೆ, ಟೆಸ್ಟ್ ಮಾಡದೆ ನಾನು ಇದೇ ಅಂತ ಹೇಳಕ್ಕಾಗಲ್ಲ. ಆದ್ರೆ ಅಲ್ಲಿನ ಡಾಕ್ಟರ್‌ಗೆ ಗೊತ್ತಾಗ್ಲೇಬೇಕು. ಟ್ರೀಟ್‌ಮೆಂಟೇ ಬೇರೆ ಆಗಬಹುದು. ತಡ ಮಾಡ್ಬೇಡಿ." ಅವರ ನಂಬರು ಈ ಹಾಳೆಯ ಹಿಂದಿದೆ. ನಿಮ್ಮ ಡಾಕ್ಟರು ಯಾವಾಗ ಬೇಕಾದರೂ ಮಾತಾಡಬಹುದಂತೆ.

ಮನೆಗೆ ಬಂದು ಎಸಿ ಬಿಚ್ಚಿದೆ. ಗಾಳಿ ತಳ್ಳುವ ಉರುಳೆಗೆ ಕಪ್ಪು ಬೂಷ್ಟು ದಪ್ಪಗೆ ಮೆತ್ತಿಕೊಂಡಿದೆ. ಫೋಟೋ ಕರಿಬಸವಯ್ಯನವರ ಫೋನಿನಲ್ಲಿದೆ, ಅದನ್ನೂ ತೋರಿಸು. ನಿನ್ನ ಕಾಲು ಹಿಡಿಯುತ್ತೇನೆ ಜಯಾ, ನನ್ನ ಮೇಲಿನ ಸಿಟ್ಟಿಗೆ ಈ ಕಾಗದವನ್ನು ಮಾತ್ರ ಹರಿದು ಹಾಕಬೇಡ.

ಅವ್ವನಿಗೆ ನನ್ನ ಶರಣು ಹೇಳು. ಮೇಘಾಳ ಉಸಿರು ಹಗುರಾಗಲಿ. ನನ್ನ ಆಯುಷ್ಯ ಎಷ್ಟು ಉಳಿದಿದೆಯೋ ಅಷ್ಟೂ ಅವಳಿಗೇ ಸೇರಲಿ.

ಇತಿ,
ನಿನ್ನ ಎನ್ನಲು ಬಾಯಿಲ್ಲದ
ಚನ್ನವೀರ

ತಾ.ಕ.: ಇದನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ನೀನೊಬ್ಬಳೇ ಓದು.

ಆ ಬೂಷ್ಟನ್ನು ನಾನು ಮೊದಲ ಸಲ ನೋಡಿದ್ದು ಇವತ್ತಲ್ಲ. ಜುಲೈ ಹತ್ತೊಂಬತ್ತು, ಶನಿವಾರ, ನೀನು ಕೆಲಸಕ್ಕೆ ಹೋಗಿದ್ದಾಗ ಮುಚ್ಚಳ ತೆಗೆದಿದ್ದೆ. ಕಂಡ ಕೂಡಲೇ ತಿಳಿಯಿತು. ತಾರಸಿಯಲ್ಲಿಟ್ಟು ತೊಳೆದರೆ ಕಪ್ಪು ನೀರು ಹರಿಯುತ್ತಿತ್ತು, ನೀನು ಬಂದು ಇದೇನೆಂದು ಕೇಳುತ್ತಿದ್ದೆ. ವಾರದಿಂದ ನಿನ್ನನ್ನು ಬೈದ ಬಾಯಿ ಆಗ ಏನು ಹೇಳಬೇಕಿತ್ತು? ನಾಳೆ ನೋಡಿದರಾಯಿತೆಂದು ಮುಚ್ಚಳ ಹಾಕಿದೆ. ಆಮೇಲೆ ತೆಗೆಯಲೇ ಇಲ್ಲ. ಭಾನುವಾರ ದವಾಖಾನೆಯ ಬಾಗಿಲಲ್ಲಿಯೂ ಬಾಯಿ ಬಿಡಲಿಲ್ಲ.

ಆ ಶನಿವಾರ ಸಂಜೆ ನೀನು ಕೆಲಸದಿಂದ ಬಂದವಳು ಧೂಳು ಹೋಗಲೆಂದು ತಣ್ಣೀರಲ್ಲಿ ತಲೆ ತೊಳೆದು, ನಡುಗುತ್ತ ಬಚ್ಚಲ ಬಾಗಿಲಲ್ಲಿ ನಿಂತು, "ಈಗ ಕೂಸಿನ್ನ ಎತ್ಕೊಳ್ಲೇನ್ರಿ?" ಎಂದು ಕೇಳಿದೆ. ಮೇಘಾ ಎರಡೂ ಕೈ ಚಾಚಿದ್ದಳು.

ನಾನು, "ಇನ್ನೊಮ್ಮೆ ತಲಿ ತೊಳ್ಕೊಂಡ್ ಬಾ" ಎಂದೆ.

ನೀನು ಮತ್ತೆ ಬಚ್ಚಲೊಳಗೆ ಹೋದೆ.